ಕರಾವಳಿಯ ಮನೆಗೆ ಪಗ್ಗೋ, ಡ್ಯಾಶ್‌ಹೌಂಡೋ?

ಕಾರವಾರದ ನಮ್ಮ ಮನೆಯಲ್ಲಿ ಎಂಟು ವರ್ಷ ಒಂದು ಪಗ್ ನಾಯಿಯಿತ್ತು. ಶಿರಸಿಯ ಹತ್ತಿರ ಅಡಿಕೆ ತೋಟದ ನಡುವಿರುವ ಅಕ್ಕನ ಮನೆಯಲ್ಲಿ ಆರು ವರ್ಷಗಳಿಂದ ಉದ್ದ ಮೈಯ, ಮೋಟುಗಾಲಿನ ಡ್ಯಾಶ್‌ಹೌಂಡ್ ಇದೆ. ಪ್ರತಿ ರಜೆಯಲ್ಲಿ ಹದಿನೈದು ಇಪ್ಪತ್ತು ದಿನ ಅಲ್ಲಿಯೇ ಉಳಿಯುವುದರಿಂದ ಅದರ ಆರೈಕೆಯಲ್ಲಿ ನನ್ನ ಪಾಲೂ ಇದೆ. ನಮ್ಮ ಪಗ್ ತೀರಿಕೊಂಡು ವರ್ಷ ಕಳೆದ ಮೇಲೆ ಮತ್ತೊಂದು ಸಣ್ಣ ನಾಯಿಯನ್ನು ತರುವ ಮಾತು ಮನೆಯಲ್ಲಿ ಎದ್ದಾಗ, ಚರ್ಚೆ ಈ ಎರಡು ತಳಿಗಳ ಸುತ್ತಲೇ ನಡೆಯಿತು. ಇದೇ ಜಿಲ್ಲೆಯಲ್ಲಿ ಇದೇ ಯೋಚನೆಯಲ್ಲಿರುವವರಿಗೆ ನೆರವಾಗಲೆಂದು ನಾವು ಕಂಡದ್ದನ್ನು ಬರೆಯುತ್ತಿದ್ದೇನೆ.

ಪಗ್‌ನ ಗುಣಗಳನ್ನು ಮೊದಲು ಹೇಳಬೇಕು. ಆರರಿಂದ ಎಂಟು ಕಿಲೋ ತೂಗುವ, ಅಪರೂಪಕ್ಕೆ ಬೊಗಳುವ, ಮಕ್ಕಳು ಎಷ್ಟು ಎಳೆದಾಡಿದರೂ ಸಿಟ್ಟಾಗದ ನಾಯಿ ಅದು. 2003ರ ಸುಮಾರಿಗೆ ಹಚ್ ಎಂಬ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಬೆನ್ನು ಬಿಡದೆ ನಡೆದ ಪಗ್ಗನ್ನು ಕಂಡವರು ಅದನ್ನು ಇಂದಿಗೂ ‘ಹಚ್ ನಾಯಿ’ ಎಂದೇ ಕರೆಯುತ್ತಾರೆ, ಮತ್ತು ಆ ಹಿಂಬಾಲಿಸುವ ಸ್ವಭಾವ ನಿಜವಾದದ್ದೇ. ಮಂಡಿನೋವಿನಿಂದ ಹೊರಗೆ ಹೋಗಲಾಗದ ನಮ್ಮ ಆಯಿಯ ಕಾಲ ಬುಡದಲ್ಲಿ ಅದು ಇಡೀ ದಿನ ಮಲಗಿರುತ್ತಿತ್ತು. ಅವರು ಎದ್ದರೆ ಎದ್ದು, ಕೂತರೆ ಕೂರುತ್ತಿತ್ತು. ಅಂಥ ಒಡನಾಟವನ್ನು ನಾನು ಬೇರೆ ಯಾವ ನಾಯಿಯಲ್ಲೂ ಕಂಡಿಲ್ಲ.

ಆದರೂ ಕರಾವಳಿಯಲ್ಲಿ ಪಗ್ ಸಾಕಬೇಡಿ ಎಂದೇ ನಾನು ಹೇಳುತ್ತೇನೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಮೂಗು, ನಾಲಿಗೆ, ಗಂಟಲಿನ ತೇವ ಆರುವಂತೆ ಏದುಸಿರು ಬಿಟ್ಟೇ ಅದು ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಪಗ್‌ನ ಮುಖದ ಎಲುಬನ್ನು ತಲೆಮಾರುಗಳಿಂದ ಮೋಟುಗೊಳಿಸುತ್ತ ಬಂದರೂ ಒಳಗಿನ ಮೆದು ಅಂಗುಳು ಅದೇ ಪ್ರಮಾಣದಲ್ಲಿ ಕಿರಿದಾಗಿಲ್ಲವಾದ್ದರಿಂದ, ಅದು ಉಸಿರಿನ ದಾರಿಗೆ ಅಡ್ಡವಾಗುತ್ತದೆ. ಮೂಗಿನ ಹೊಳ್ಳೆಗಳೂ ಇಕ್ಕಟ್ಟು. ಏಪ್ರಿಲ್, ಮೇ ತಿಂಗಳಲ್ಲಿ ಒಗೆದು ಹಾಕಿದ ಟವೆಲ್ಲೇ ನೆರಳಿನಲ್ಲಿ ಸಂಜೆಯವರೆಗೂ ಆರದ ನಮ್ಮ ಹವೆಯಲ್ಲಿ, ಅಷ್ಟು ಸಣ್ಣ ದಾರಿಯಿಂದ ಆ ನಾಯಿ ಎಷ್ಟು ಕಾವನ್ನು ಹೊರಹಾಕೀತು? ಜನ ಮೆಚ್ಚಿಕೊಳ್ಳುವ ಅದರ ಗೊರಕೆ ಉಸಿರಾಟದ ತೊಂದರೆಯ ಲಕ್ಷಣವೆಂಬುದು ನಮಗೂ ತಡವಾಗಿ ತಿಳಿಯಿತು.

ಒಂದು ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗಿ ಎರಡು ತಾಸಾಗಿತ್ತು. ನೆಲದ ಮೇಲೆ ಕತ್ತು ಚಾಚಿ ಮಲಗಿದ್ದ ನಾಯಿಯ ಬಾಯಿಂದ ದಪ್ಪನೆಯ ಜೊಲ್ಲು ಇಳಿಯುತ್ತಿತ್ತು. ನೋಡನೋಡುತ್ತಿದ್ದಂತೆ ನಾಲಿಗೆಯ ಅಂಚು ನೇರಳೆ ಬಣ್ಣಕ್ಕೆ ತಿರುಗಿತು. ಹೊಟ್ಟೆಗೂ ತೊಡೆಯ ಸಂದಿಗೂ ಪಾದಗಳಿಗೂ ನಲ್ಲಿಯ ನೀರು ಹಾಕುತ್ತ, ಆಯಿ ಅಡಿಕೆ ಹಾಳೆಯ ಬೀಸಣಿಗೆಯಿಂದ ಗಾಳಿ ಬೀಸುತ್ತ, ಆಮೇಲೆ ರಿಕ್ಷಾದಲ್ಲಿ ಪಶುವೈದ್ಯರ ಹತ್ತಿರ ಕರೆದೊಯ್ದೆವು. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕಾದ ಮೈಕಾವು, ಅಷ್ಟು ತಣಿಸಿದ ಮೇಲೂ 106 ಇತ್ತು. ಬದುಕಿಕೊಂಡಿತು. ಅಲ್ಲಿಂದ ಮುಂದೆ ಬೇಸಿಗೆಯಲ್ಲಿ ಬೆಳಗಿನ ಆರೂವರೆಯೊಳಗೆ ಕಡಲದಂಡೆಯ ತಿರುಗಾಟ ಮುಗಿಸುವುದು, ಆಮೇಲೆ ಬಾಗಿಲು ದಾಟಿಸದಿರುವುದು ನಮ್ಮ ನಿಯಮವಾಯಿತು. ಮಳೆಗಾಲದಲ್ಲಿ ಮುಖದ ಸುಕ್ಕುಗಳ ಕೆಲಸ ಬೇರೆ: ದಿನವೂ ಒದ್ದೆ ಹತ್ತಿಯಿಂದ ಒರೆಸಿ, ಮತ್ತೆ ಒಣ ಹತ್ತಿಯಿಂದ ಒತ್ತದಿದ್ದರೆ ಮೂರನೆಯ ದಿನಕ್ಕೆ ಚರ್ಮ ಕೆಂಪಾಗಿ ವಾಸನೆ ಬರುತ್ತಿತ್ತು.

ಡ್ಯಾಶ್‌ಹೌಂಡ್ ಇದಕ್ಕೆ ತೀರ ಬೇರೆ. ಜರ್ಮನಿಯಲ್ಲಿ ಬಿಲದೊಳಗೆ ನುಗ್ಗಿ ಬ್ಯಾಡ್ಜರ್ ಎಂಬ ಪ್ರಾಣಿಯನ್ನು ಹಿಡಿಯಲೆಂದೇ ಬೆಳೆಸಿದ ತಳಿ ಅದು. ಅದರ ಹೆಸರಿಗೆ ಅರ್ಥವೂ ಅದೇ. ಮೂಗು ಉದ್ದವಾಗಿರುವುದರಿಂದ ಸೆಕೆಯನ್ನು ಪಗ್‌ಗಿಂತ ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತದೆ. ಎರಡು ವಾರ ನಮ್ಮ ಕಾರವಾರದ ಮನೆಯಲ್ಲಿದ್ದಾಗ, ಮೇ ತಿಂಗಳಲ್ಲೂ ಅದು ಫ್ಯಾನಿನ ಕೆಳಗೆ ನೆಮ್ಮದಿಯಾಗಿ ನಿದ್ದೆ ಮಾಡಿತು. ಗಾತ್ರಕ್ಕೆ ಮೀರಿದ ಗಡಸು ದನಿ ಇರುವುದರಿಂದ ಕಾವಲಿಗೂ ಆಗುತ್ತದೆ, ಆದರೆ ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ನೆರೆಯವರಿಗೆ ಅದೇ ಕಿರಿಕಿರಿ. ತೋಟದಲ್ಲಿ ಹೆಗ್ಗಣದ ಬಿಲ ಕಂಡರೆ ಕಿವಿಯವರೆಗೂ ಮಣ್ಣಲ್ಲಿ ಹುದುಗಿಸಿ ಅಗೆಯುತ್ತದೆ. ಕರೆದರೆ ಕೇಳಿಸಿಕೊಳ್ಳುವುದೇ ಇಲ್ಲ. ಈ ಹಟ ನಮ್ಮ ಕಡೆ ಅಪಾಯಕಾರಿ, ಏಕೆಂದರೆ ಕೊಳಕುಮಂಡಲ ಕಂಡರೂ ಅದು ಹಿಂದೆಗೆಯುವುದಿಲ್ಲ. ಆದ್ದರಿಂದ ಭಾವ ಅದನ್ನು ಸರಪಳಿಯಿಲ್ಲದೆ ತೋಟಕ್ಕೆ ಇಳಿಸುವುದಿಲ್ಲ, ರಾತ್ರಿ ಚಿರತೆಯ ಭಯಕ್ಕೆ ಜಗಲಿಯಲ್ಲಿ ಮಲಗಿಸುವುದೂ ಇಲ್ಲ. ದಿನಕ್ಕೆರಡು ಸಲ ಬೆರಳ ಸಂದಿಯಲ್ಲಿ, ಜೋಲುವ ಕಿವಿಯ ಒಳಮಗ್ಗುಲಲ್ಲಿ ಉಣುಗು ಹುಡುಕಿ ತೆಗೆಯಬೇಕು. ಇಲಿಜ್ವರಕ್ಕೂ ರಕ್ಷಣೆ ಕೊಡುವ ಲಸಿಕೆಯನ್ನು, ಗದ್ದೆ ತೋಟವಿರುವ ನಮ್ಮ ಊರುಗಳಲ್ಲಿ, ಯಾವ ತಳಿಯ ನಾಯಿಗೂ ತಪ್ಪಿಸಬಾರದು.

ಅದರ ದೊಡ್ಡ ದೌರ್ಬಲ್ಯ ಬೆನ್ನು. ಮೋಟುಗಾಲಿಗೆ ಕಾರಣವಾದ ಆನುವಂಶಿಕ ಗುಣವೇ ಬೆನ್ನೆಲುಬಿನ ನಡುವಿನ ಡಿಸ್ಕ್‌ಗಳನ್ನು ಎಳೆಯ ವಯಸ್ಸಿನಲ್ಲೇ ಗಡಸುಗೊಳಿಸುತ್ತದೆ. ಸುಮಾರು ಐದರಲ್ಲಿ ಒಂದು ಡ್ಯಾಶ್‌ಹೌಂಡ್ ಜೀವಮಾನದಲ್ಲಿ ಒಮ್ಮೆಯಾದರೂ ಇದರಿಂದ ನರಳುತ್ತದೆ. ಅಕ್ಕನ ನಾಯಿಗೆ ನಾಲ್ಕು ವರ್ಷವಾಗಿದ್ದಾಗ ಜಗಲಿಯ ಕಟ್ಟೆಯಿಂದ ಅಂಗಳಕ್ಕೆ ಹಾರಿದ್ದು, ಮತ್ತೆ ಏಳುವಾಗ ಹಿಂಗಾಲುಗಳು ಒದ್ದೆ ಬಟ್ಟೆಯ ಹಾಗೆ ಹಿಂದೆ ಎಳೆದುಕೊಂಡು ಬಂದವು. ಶಸ್ತ್ರಕ್ರಿಯೆಯಿಲ್ಲದೆ, ಆರು ವಾರ ಸಣ್ಣ ಗೂಡಿನಲ್ಲಿ ಅಲುಗದಂತೆ ಇಟ್ಟು ಔಷಧ ಕೊಟ್ಟ ಮೇಲೆ ಚೇತರಿಸಿಕೊಂಡದ್ದು ಅದರ ಪುಣ್ಯ. ತೂಕ ಏರದಂತೆ ಅನ್ನ ಅಳೆದು ಹಾಕುವುದು, ಎತ್ತುವಾಗ ಒಂದು ಕೈ ಎದೆಗೂ ಒಂದು ಕೈ ಸೊಂಟಕ್ಕೂ ಕೊಡುವುದು ಈಗ ಅಲ್ಲಿ ಮಕ್ಕಳಿಗೂ ರೂಢಿಯಾಗಿದೆ.

ಮರಿ ಕೊಳ್ಳುವಾಗ ನಾವು ಒಮ್ಮೆ ಮೋಸಹೋದವರು. ಎರಡು ತಿಂಗಳಾಗಿದೆ ಎಂದು ಹೇಳಿ ನಮಗೆ ಮಾರಿದ ಪಗ್ ಮರಿಯ ಹಲ್ಲು ನೋಡಿದ ವೈದ್ಯರು ಐದು ವಾರವೂ ತುಂಬಿರಲಾರದು ಎಂದಿದ್ದರು. ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರಬಾರದೆಂದು 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳೇ ಹೇಳುತ್ತವೆ. ಈ ಸಲ ತಾಯಿ ನಾಯಿಯನ್ನು ನೋಡದೆ, ಅದು ನಡೆಯುವುದನ್ನು, ಅಂಗಳದಲ್ಲಿ ಓಡಿ ಬಂದ ಮೇಲೆ ಉಸಿರಾಡುವುದನ್ನು ಗಮನಿಸದೆ ಮುಂಗಡ ಕೊಡುವುದಿಲ್ಲ.

ದಿನವಿಡೀ ತಂಪು ಇರುವ ಕೋಣೆ, ಹಗಲೆಲ್ಲ ಜೊತೆಗಿರುವ ಹಿರಿಯರು ಮನೆಯಲ್ಲಿದ್ದರೆ ಪಗ್ ಸಾಕುವವರನ್ನು ನಾನು ತಡೆಯಲಾರೆ. ಘಟ್ಟದ ಮೇಲಿನ ಶಿರಸಿಯ ಹವೆ ಅದಕ್ಕೆ ಕಾರವಾರಕ್ಕಿಂತ ಹಿತ. ಕಡಲ ಬದಿಯ ಸಾಮಾನ್ಯ ಮನೆಗೆ ನನ್ನ ಆಯ್ಕೆ ಡ್ಯಾಶ್‌ಹೌಂಡ್, ಅದೂ ಮೆಟ್ಟಿಲುಗಳನ್ನು ಸರಿಪಡಿಸಿಕೊಂಡ ಮೇಲೆ. ಪಗ್ಗೇ ಬೇಕೆಂದು ಮೊದಲು ಹಟ ಹಿಡಿದಿದ್ದ ಆಯಿಯೂ ಆ ಮೇ ತಿಂಗಳ ಮಧ್ಯಾಹ್ನವನ್ನು ನೆನೆದು ಒಪ್ಪಿದ್ದಾರೆ. ಜಗಲಿಯಿಂದ ಅಂಗಳಕ್ಕೆ ಇಳಿಜಾರು ಮಾಡಲು ಭಾವ ಕಳೆದ ವಾರ ಅಡಿಕೆ ದಬ್ಬೆಗಳನ್ನು ಕಳಿಸಿಕೊಟ್ಟಿದ್ದು, ಕಾಲು ಜಾರದಂತೆ ಅದರ ಮೇಲೆ ಗೋಣಿತಾಟು ಹೊಡೆಯುವ ಕೆಲಸವೊಂದು ಬಾಕಿಯಿದೆ.