ಲಿನಕ್ಸ್ ಮಿಂಟ್: ಹೋಟೆಲ್ ಲೆಕ್ಕದ ಹಳೇ ಲ್ಯಾಪ್‌ಟಾಪಿನಲ್ಲಿ ಐದು ವರ್ಷಕ್ಕೂ ಜಾಸ್ತಿ

ಲಿನಕ್ಸ್ ಮಿಂಟ್ ಅಂದ್ರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್. ಅದಕ್ಕೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಪ್ರಿಂಟರ್ ತಿಂದುಹಾಕಿತು, ಆ ಕಥೆ ಆಮೇಲೆ.

ನಾನು ಇಂಜಿನಿಯರ್ ಅಲ್ಲ. ಮನೆ ಡೊಂಬಿವಲಿಯಲ್ಲಿ, ಕೆಲಸ ಮಾಟುಂಗದಲ್ಲಿ ಮಾವನ ಹೋಟೆಲಿನ ಲೆಕ್ಕ ಬರೆಯೋದು. ಲ್ಯಾಪ್‌ಟಾಪ್ 2012ರದ್ದು, 4 ಜಿಬಿ ರ‍್ಯಾಮ್. 2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ಅಪ್‌ಡೇಟ್ ಬರೋದು ನಿಂತಿತಲ್ಲ, ಆಗ ಮುಂಬೈಯ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 240 ಜಿಬಿಯ ಎಸ್‌ಎಸ್‌ಡಿ (ವೇಗದ ಡಿಸ್ಕ್) ತಂದು, ಅರ್ಧ ಜಾಗ ವಿಂಡೋಸ್‌ಗೇ ಬಿಟ್ಟು ಇನ್ನರ್ಧಕ್ಕೆ ಮಿಂಟ್ 19.3 ಹಾಕಿಕೊಂಡೆ.

ಆದರೆ ನಿಜ ಹೇಳಬೇಕು ಅಂದ್ರೆ ನಾನು ವಿಂಡೋಸ್ ಎಂಬ ಊರು ಬಿಟ್ಟದ್ದು ಅವತ್ತಲ್ಲ. ಅದಕ್ಕೂ ಮೂರು ವರ್ಷ ಮೊದಲೇ ವಿಂಡೋಸ್‌ನಲ್ಲಿ ಇಂಟರ್ನೆಟ್‌ಗೆ ಫೈರ್‌ಫಾಕ್ಸ್, ಪತ್ರ-ಲೆಕ್ಕಕ್ಕೆ ಲಿಬ್ರೆಆಫೀಸ್, ವಿಡಿಯೋಗೆ ವಿಎಲ್‌ಸಿ ಬಳಸುತ್ತಿದ್ದೆ, ಸುಮ್ನೆ ದುಡ್ಡು ಉಳಿಯುತ್ತೆ ಅಂತ. ಮಿಂಟ್‌ನಲ್ಲೂ ಅವೇ. ಮನೆ ಬದಲಾದರೂ ಪಾತ್ರೆಪಗಡೆ ಅದೇ.

ಮಾವನಿಗಂತೂ ಗೊತ್ತೇ ಆಗಲಿಲ್ಲ. ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಪಟ್ಟಿ ಬರುತ್ತದೆ, ಮೇಲೆ ಮಿಂಟ್, ಕೊನೆಗೆ ವಿಂಡೋಸ್. 10 ಸೆಕೆಂಡ್ ಏನೂ ಒತ್ತದಿದ್ದರೆ ತಾನೇ ಮಿಂಟ್‌ಗೆ ಹೋಗುತ್ತದೆ. ಅವರು ಆನ್ ಮಾಡಿ ಗಲ್ಲಾದ ಚಿಲ್ಲರೆ ಎಣಿಸಲು ಕೂರುವವರು. ಮೂರು ತಿಂಗಳಾದ ಮೇಲೆ ಕೇಳಿದರು, "ಎಂಥ ಮಾರಾಯ, ಆ ನಾಲ್ಕು ಚೌಕದ ಗುರುತು ಎಲ್ಲಿ ಹೋಯ್ತು?"

ಪ್ರಿಂಟರ್: ಹೋಟೆಲಿನ ಹಳೇ ಲೇಸರ್ ಪ್ರಿಂಟರಿಗೆ ಡ್ರೈವರ್ ಹುಡುಕಿ ಮೂರು ಭಾನುವಾರ ಹಾಳಾಯಿತು, ಕೊನೆಗೆ ಬೇರೆ ಪ್ರಿಂಟರ್ ತಂದೆವು. ಈಗಿರೋದು ವೈರ್ ಚುಚ್ಚಿದ ಕೂಡಲೇ ಕೆಲಸ ಮಾಡಿತು. ಹಾಕುವ ಮೊದಲು ನಿಮ್ಮ ಮಾಡೆಲ್ ಲಿನಕ್ಸ್‌ನಲ್ಲಿ ನಡೆಯುತ್ತಾ ನೋಡಿಕೊಳ್ಳಿ.

ಕನ್ನಡ ಟೈಪಿಂಗ್ ಬಗ್ಗೆ ಹೆದರಿಕೆ ಇತ್ತು. ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕಿ ಕೆಜಿಪಿ ಕೀಲಿಮಣೆ ಆರಿಸಿದರೆ ನುಡಿಯಲ್ಲಿ ಕಲಿತ ಬೆರಳುಗಳೇ ಸಾಕು, ಎಫ್ ಒತ್ತಿದರೆ ಒತ್ತಕ್ಷರ. ತೊಂದರೆ ಬಂದದ್ದು ಹಳೇ ಫೈಲುಗಳಲ್ಲಿ. ನಮ್ಮ ಬಿಲ್ಡಿಂಗ್‌ನ ಕನ್ನಡದವರ ಗಣೇಶೋತ್ಸವದ ಕರಪತ್ರ ತೆರೆದರೆ, ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟ್ ಅದು, "ನ" ಇರುವ ಕಡೆಯೆಲ್ಲಾ ಪೌಂಡ್ ಗುರುತು! ಗಣಪತಿ ಚಂದಾ ಲಂಡನ್ನಿನಿಂದ ಬಂದ ಹಾಗೆ. ಒಂದೊಂದೇ ಯೂನಿಕೋಡ್‌ಗೆ ಬದಲಾಯಿಸಿದೆ, ಇನ್ನೂ ಒಂದಷ್ಟು ಉಳಿದಿವೆ.

ಮಿಂಟ್ ಅಪ್‌ಗ್ರೇಡ್‌ಗಳು ಸಲೀಸು, 20, 21, ಈಗ 22. ಒಂದು ಸಲ ಮಾತ್ರ ಸ್ಕ್ರೀನ್ ಬರಲಿಲ್ಲ, ಸಿಸ್ಟಮ್‌ನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್‌ನಿಂದ ಹಿಂದಿನ ದಿನದ ಸ್ಥಿತಿಗೆ ಹೋಗಿ ಸರಿ ಮಾಡಿದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟೂ ಮುಗಿಯಿತು. ಹಳೇ ಪ್ರೊಸೆಸರ್ ಅಂತ ವಿಂಡೋಸ್ 11 ಹತ್ತದ ಮಷಿನ್ ಹಿಡಿದುಕೊಂಡು ಪಕ್ಕದ ಮನೆಯವರು ಬಂದಿದ್ದರು, "ಇವತ್ತೇ ಲಿನಕ್ಸ್ ಹಾಕಿಕೊಡಿ" ಅಂತ. ಹಾಕಲಿಲ್ಲ. ಲಿಬ್ರೆಆಫೀಸ್ ಹಾಕಿಕೊಟ್ಟು, ಎರಡು ತಿಂಗಳು ಇದರಲ್ಲೇ ಕೆಲಸ ಮಾಡಿ, ಆಮೇಲೆ ಬನ್ನಿ ಅಂದೆ. ಸ್ವಲ್ಪ ಬೇಜಾರು ಮಾಡಿಕೊಂಡರು ಅನ್ಸುತ್ತೆ.

ನನ್ನ ವಿಂಡೋಸ್ ಇನ್ನೂ ಇದೆ. ಲೆಕ್ಕದ ಸಾಫ್ಟ್‌ವೇರ್ ಅದಕ್ಕೆ ಮಾತ್ರ ಇರೋದು. ಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ, ದಿನದ ಪುಸ್ತಕ ಲಿಬ್ರೆಆಫೀಸ್‌ನ ಲೆಕ್ಕದ ಹಾಳೆ ಕ್ಯಾಲ್ಕ್‌ಗೆ ತಂದ ಮೇಲೆ ವರ್ಷಕ್ಕೊಮ್ಮೆ, ಅದೂ ಇಂಟರ್ನೆಟ್ ಇಲ್ಲದೆ. ಹೋದಾಗ ಟೈಮ್ ತಪ್ಪಿರುತ್ತದೆ: ಲಿನಕ್ಸ್, ಮಷಿನ್ನಿನ ಗಡಿಯಾರವನ್ನು ಗ್ರೀನ್‌ವಿಚ್ ಲೆಕ್ಕಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಟೈಮ್ ಅಂದುಕೊಳ್ಳುತ್ತದೆ. ಕಳೆದ ಸಲ ತೆರೆದಾಗ ರಾತ್ರಿ ಎಂಟು ಗಂಟೆ, ಅದರಲ್ಲಿ ಮಧ್ಯಾಹ್ನ ಎರಡೂವರೆ. ಮೊದಲೆಲ್ಲಾ ಪ್ರತಿ ಸಲ ಸರಿ ಮಾಡುತ್ತಿದ್ದೆ, ಈ ಸಲ ಹಾಗೇ ಬಿಟ್ಟೆ.