ಹಲ್ಲು ತಿಕ್ಕೋದು ಕಲಿಸೋಕೆ ಯಾವುದು ಮೇಲು: ಪ್ಲಾಸ್ಟಿಕ್ ದವಡೆಯೋ, ಕೆಂಪು ಬಣ್ಣವೋ, ಬಿಸಿಯೂಟದ ನಂತರದ ಸಾಲೋ?

ನಾಲ್ಕರಿಂದ ಏಳನೇ ತರಗತಿಯ ಮಕ್ಕಳ ಜೊತೆ ಒಂದೇ ಪಿರಿಯಡ್ ಸಿಗುವುದಾದರೆ ಬಣ್ಣ ಹಾಕಿ ಹಲ್ಲಿಗೆ ಅಂಟಿದ ಪಾಚಿ (ಪ್ಲಾಕ್) ತೋರಿಸಿ. ವರ್ಷವಿಡೀ ಅದೇ ಶಾಲೆಯಲ್ಲಿ ಇರುವವರಾದರೆ ಬಿಸಿಯೂಟದ ನಂತರ ಅಲ್ಲೇ ಸಾಲಾಗಿ ನಿಲ್ಲಿಸಿ ತಿಕ್ಕಿಸಿ. ಪ್ಲಾಸ್ಟಿಕ್ ದವಡೆಗೆ ಸಿಗುತ್ತಿರುವ ಮರ್ಯಾದೆ ಸ್ವಲ್ಪ ಜಾಸ್ತಿಯೇ ಆಯಿತು. ರಾಯಚೂರು, ಕೊಪ್ಪಳ ಜಿಲ್ಲೆಗಳ ಹಳ್ಳಿ ಶಾಲೆಗಳಲ್ಲಿ ಮೂರನ್ನೂ ನಡೆಸಿ ನೋಡಿ ಹೇಳುತ್ತಿರುವ ಮಾತಿದು. ಸ್ಮಾರ್ಟ್ ಕ್ಲಾಸಿನ ವಿಡಿಯೊವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮಕ್ಕಳು ಖುಷಿಯಿಂದ ನೋಡುತ್ತಾರೆ, ಕೈ ಮಾತ್ರ ಮೊದಲಿನಂತೆಯೇ ಗರಗಸ ಎಳೆಯುತ್ತದೆ.

ಪ್ಲಾಸ್ಟಿಕ್ ದವಡೆ

ಮಾದರಿಯ ದವಡೆಗೆ ನಾಲಿಗೆ ಇಲ್ಲ, ಕೆನ್ನೆ ಇಲ್ಲ, ವಸಡು ಕಲ್ಲಿನಷ್ಟು ಗಟ್ಟಿ. ಅದರ ಮೇಲೆ ಎಷ್ಟು ಒತ್ತಿ ತಿಕ್ಕಿದರೂ ಏನೂ ಆಗುವುದಿಲ್ಲ, ಹಾಗಾಗಿ ಒತ್ತಡ ಎಷ್ಟಿರಬೇಕು ಎಂಬ ಮುಖ್ಯ ಪಾಠವೇ ತಪ್ಪಿಹೋಗುತ್ತದೆ. ಮಾದರಿಯ ಜೊತೆಗಿನ ದೊಡ್ಡ ಬ್ರಷ್ಷನ್ನು ಮಕ್ಕಳು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಮನೆಯ ಬ್ರಷ್ಷನ್ನು ಪೆನ್ನಿನಂತೆ ಬೆರಳಲ್ಲಿ ಹಿಡಿದರೆ ಒತ್ತಡ ತಾನಾಗಿ ಕಡಿಮೆಯಾಗುತ್ತದೆ.

ಎರಡು ವಿಷಯಕ್ಕೆ ಮಾತ್ರ ಇದು ಬೇಕೇ ಬೇಕು. ಬ್ರಷ್ಷಿನ ಎಳೆಗಳು ಹಲ್ಲು-ವಸಡು ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿ ಕೂರಬೇಕು ಎಂಬುದು ಒಂದು. ಮುಂದಿನ ಹಲ್ಲುಗಳ ಒಳಮೈಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ ತುದಿಯಿಂದ ತಿಕ್ಕಬೇಕು ಎಂಬುದು ಇನ್ನೊಂದು. ಹತ್ತು ನಿಮಿಷ ಸಾಕು. ಚಿಕ್ಕವರಿಗೆ ಓರೆ ಕೋನದ ಕಸರತ್ತು ಬೇಡ, ಹಲ್ಲು ಕಚ್ಚಿಕೊಂಡು ವಸಡು ಸೇರಿಸಿ ದುಂಡಗೆ ಸುತ್ತಿಸಲು ಹೇಳಿ.

ಕೆಂಪು ಬಣ್ಣ

ಹಲ್ಲಿನ ಪಾಚಿ ಬಿಳಿಯದು, ಹಲ್ಲೂ ಬಿಳಿಯದು. ಕಣ್ಣಿಗೆ ಕಾಣದ್ದನ್ನು ತೆಗೆ ಅಂದರೆ ಮಗು ಏನನ್ನು ತೆಗೆಯಬೇಕು? ಎರಿಥ್ರೋಸಿನ್ ಎಂಬ ಕೆಂಪು ಬಣ್ಣ ಪಾಚಿಗೆ ಹಿಡಿಯುತ್ತದೆ, ನಯವಾದ ಹಲ್ಲಿಗೆ ಹಿಡಿಯುವುದಿಲ್ಲ. ಇದರ ಮಾತ್ರೆ ದಂತ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ, ಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಕೇಳಿ ಪ್ರಯೋಜನವಿಲ್ಲ. ಬದಲಿಗೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುವ ದ್ರವ ಕೆಂಪು ಆಹಾರ ಬಣ್ಣ ನಡೆಯುತ್ತದೆ: ಒಂದು ಚಮಚ ನೀರಿಗೆ ಎರಡು-ಮೂರು ಹನಿ. ಕಿರಾಣಿಯಲ್ಲಿ ಪೊಟ್ಟಣ ಕಟ್ಟಿ ಕೊಡುವ ಬಿಡಿ ಬಣ್ಣದ ಪುಡಿ ಮಾತ್ರ ಬೇಡವೇ ಬೇಡ. ಹಸಿ ಬೀಟ್‌ರೂಟ್ ಅಗಿಸಿಯೂ ನೋಡಿದೆವು. ಬಣ್ಣ ತೆಳು, ಜೊಲ್ಲಿಗೆ ಬೇಗ ತೊಳೆದುಹೋಗುತ್ತದೆ; ಏನೂ ಇಲ್ಲದಲ್ಲಿ ಅದೂ ಆದೀತು.

ಮೊದಲು ಬಣ್ಣಕ್ಕೆ ಅಲರ್ಜಿ, ಉಬ್ಬಸ ಇರುವ ಮಕ್ಕಳನ್ನು ಬಿಟ್ಟುಬಿಡಿ. ತುಟಿಗೆ ವ್ಯಾಸಲೀನ್ ಹಚ್ಚಿ, ಎದೆಗೆ ಹಳೇ ಟವೆಲ್ ಕಟ್ಟಿ. ಸಮವಸ್ತ್ರಕ್ಕೆ ಬಿದ್ದ ಕಲೆ ಹೋಗುವುದಿಲ್ಲ, ಮರುದಿನ ಅವ್ವಂದಿರು ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬಣ್ಣದ ನೀರನ್ನು ಅರ್ಧ ನಿಮಿಷ ಬಾಯಿಯೊಳಗೆ ಆಡಿಸಿ ಉಗುಳಿಸಿ, ಬರೀ ನೀರಿನಿಂದ ಒಮ್ಮೆ ಮುಕ್ಕಳಿಸಿದ ಮೇಲೆ ಕನ್ನಡಿ ಕೊಡಿ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿ, ವಸಡಿನ ಅಂಚಿನ ಸಣ್ಣ ಕಮಾನು, ಕಟ್ಟಕಡೆಯ ದವಡೆ ಹಲ್ಲು ಕಡುಗೆಂಪಾಗಿ ನಿಲ್ಲುತ್ತವೆ. ಬಲಗೈಯವರಿಗೆ ಬಲಗಡೆ ಕೋರೆಹಲ್ಲಿನ ಸುತ್ತ ಬಣ್ಣ ಉಳಿಯುವುದು ಸಾಮಾನ್ಯ, ಮಣಿಕಟ್ಟು ತಿರುವುವ ಜಾಗ ಅದು. ಆ ಕೆಂಪು ಹೋಗುವವರೆಗೆ ಅಲ್ಲೇ ತಿಕ್ಕಿಸಿ. ಮಾದರಿಯಿಂದ ಬಾರದ ಕೋನ ಐದು ನಿಮಿಷದಲ್ಲಿ ಕೈಗೆ ಬಂದಿರುತ್ತದೆ.

ಕಡೆಯ ದವಡೆ ಹಲ್ಲಿಗೆ ಒತ್ತು ಕೊಡಬೇಕು. ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಮೂಡುವ ಹಲ್ಲದು. ಯಾವ ಹಲ್ಲೂ ಬೀಳದೇ ಬರುವುದರಿಂದ ಮನೆಯವರು ಅದನ್ನೂ ಹಾಲುಹಲ್ಲು ಅಂದುಕೊಂಡು, ಹುಳುಕಾದರೂ ‘ಬೀಳ್ತದ ಬಿಡು’ ಅನ್ನುತ್ತಾರೆ. ಅದು ಬಿದ್ದರೆ ಮತ್ತೆ ಹುಟ್ಟುವುದಿಲ್ಲ.

ನಮ್ಮ ಕಡೆ ಈ ವಿಧಾನಕ್ಕೆ ಒಂದು ದೊಡ್ಡ ಕುತ್ತು ಇದೆ. ಕುಷ್ಟಗಿ, ಲಿಂಗಸುಗೂರು ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5 ಕಡೆಯ ಮಿತಿ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಪಟ್ಟೆ, ಕಂದು ಕಲೆ, ಕೆಲವೊಮ್ಮೆ ಸಣ್ಣ ಗುಳಿ. ಆ ಗುಳಿಗಳಲ್ಲಿ ಬಣ್ಣ ಕೂತುಬಿಡುತ್ತದೆ. ಮಗು ತನ್ನ ಹಲ್ಲು ಹೊಲಸು ಅಂದುಕೊಂಡು ಮನೆಗೆ ಹೋಗಿ ಇದ್ದಿಲು, ಇಟ್ಟಿಗೆ ಪುಡಿ ಹಿಡಿಯುತ್ತದೆ. ಬಣ್ಣ ಹಾಕುವ ಮುಂಚೆಯೇ ಹೇಳಿಬಿಡಿ: ಈ ಕಲೆ ಹಲ್ಲಿನ ಒಳಗಿನದು, ತಿಕ್ಕಿದರೆ ಹೋಗುವುದಲ್ಲ, ನಿನ್ನ ತಪ್ಪೂ ಅಲ್ಲ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ ಎಂದೂ ಹೇಳಿ.

‘ಹಂಗಾದ್ರ ಫ್ಲೋರೈಡ್ ಪೇಸ್ಟ್ ಯಾಕ್ರೀ?’ ಎಂದು ಮೇಷ್ಟ್ರು ಕೇಳಿಯೇ ಕೇಳುತ್ತಾರೆ. ಕಲೆ ಬರುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗ ಫ್ಲೋರೈಡ್ ಹೊಟ್ಟೆಗೆ ಹೋದರೆ. ಸುಮಾರು 8 ವರ್ಷದ ಹೊತ್ತಿಗೆ ಆ ಕೆಲಸ ಬಹುಪಾಲು ಮುಗಿದಿರುತ್ತದೆ. ದೊಡ್ಡ ಮಕ್ಕಳು ಪೇಸ್ಟ್ ಹಚ್ಚಿ ಉಗುಳಿದರೆ ಲಾಭವೇ. ಚಿಕ್ಕವರಿಗೆ ಬಟಾಣಿ ಕಾಳಿನಷ್ಟು, ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ದೊಡ್ಡವರು ಎದುರಿಗೆ ನಿಂತು ಉಗುಳಿಸಬೇಕು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಾದರೆ ಚಿಕ್ಕವರ ಪೇಸ್ಟಿನ ವಿಷಯ ದಂತವೈದ್ಯರನ್ನೇ ಕೇಳಿ.

ಬಿಸಿಯೂಟದ ನಂತರದ ಸಾಲು

ಬಣ್ಣದ ಪಾಠದ ಬಿಸಿ ಹೆಚ್ಚು ದಿನ ಉಳಿಯುವುದಿಲ್ಲ. ವಸಡಿನ ಊತ, ರಕ್ತ ನಿಜವಾಗಿ ಕಡಿಮೆಯಾಗುವುದು ದಿನಾ ತಿಕ್ಕಿಸಿದಲ್ಲಿ ಮಾತ್ರ. ಆರಂಭದಲ್ಲಿ ರಕ್ತ ಕಂಡು ಮಕ್ಕಳು ಬ್ರಷ್ ಕೆಳಗಿಡುತ್ತಾರೆ. ಪಾಚಿ ಕೂತು ಊದಿದ ವಸಡಾದ್ದರಿಂದ ರಕ್ತ ಬರುತ್ತದೆ, ಮೆತ್ತಗೆ ತಿಕ್ಕುತ್ತಾ ಹೋದರೆ ವಾರ-ಹತ್ತು ದಿನದಲ್ಲಿ ನಿಲ್ಲುತ್ತದೆ. ಎರಡು ವಾರ ದಾಟಿದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿದ್ದರೆ ಬ್ರಷ್ಷಿಗೆ ಬಗ್ಗದು.

ನಡೆಸುವ ಕ್ರಮ ಸರಳ. ಬಾಯಿಯನ್ನು ಆರು ಭಾಗ ಮಾಡಿ, ಒಂದೊಂದಕ್ಕೆ ಇಪ್ಪತ್ತು ಎಣಿಸಿದರೆ ಎರಡು ನಿಮಿಷ. ಮಗುವಿಗೆ ಅರ್ಧ ಲೋಟ ನೀರು ಸಾಕು. ಕೆಡುವುದು ಬ್ರಷ್ ಇಡುವಲ್ಲಿ. ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಣಗದೆ ನಾರುತ್ತವೆ, ತಲೆಗೆ ತಲೆ ತಾಗಿದರೆ ಒಬ್ಬರ ಜೊಲ್ಲು ಇನ್ನೊಬ್ಬರಿಗೆ. ಥರ್ಮಾಕೋಲ್ ಹಲಗೆಗೆ ತೂತು ಹೊಡೆದು ಬ್ರಷ್ಷಿನ ತಲೆ ಮೇಲೆ ಬರುವಂತೆ ನಿಲ್ಲಿಸಿ, ಧೂಳಿಗೆ ತೆಳು ಬಟ್ಟೆ ಹೊದಿಸಿ. ಹಿಡಿಯ ಮೇಲೆ ಮಾರ್ಕರ್‌ನಿಂದ ಬರೆದ ಹೆಸರು ಬೇಗ ಅಳಿಸುತ್ತದೆ, ನೇಲ್ ಪಾಲಿಷ್‌ನಲ್ಲಿ ಹಾಜರಿ ಸಂಖ್ಯೆ ಬರೆದರೆ ನಿಲ್ಲುತ್ತದೆ. ಎಳೆಗಳು ಹೊರಕ್ಕೆ ಬಾಗಿದ ಬ್ರಷ್ ಕಂಡರೆ ಆ ಮಗು ಒತ್ತಿ ತಿಕ್ಕುತ್ತಿದೆ ಎಂದರ್ಥ. ಬ್ರಷ್ಷನ್ನೂ ಬದಲಿಸಿ, ಹಿಡಿತವನ್ನೂ ತಿದ್ದಿ. ಇನ್ನೊಂದು ಅಪಾಯವೂ ಉಂಟು: ಶಾಲೆಯಲ್ಲಿ ಆಯಿತಲ್ಲ ಎಂದು ರಾತ್ರಿ ತಿಕ್ಕುವುದನ್ನು ಬಿಡುತ್ತಾರೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹುಳುಕಿಗೆ ಅದೇ ಸುಗ್ಗಿ.

ಎಂಟನೇ ತರಗತಿಯಿಂದ ಮೇಲಿನವರಿಗೆ

ಹೈಸ್ಕೂಲಿನ ಹುಡುಗರಿಗೆ ಇದ್ಯಾವುದೂ ಸಾಲದು. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದ್ದರೂ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ ಕೊಂಡು ಅಂಗೈಯಲ್ಲಿ ಬೆರೆಸುತ್ತಾರೆ. ಕ್ಯಾನ್ಸರಿನ ಭೀಕರ ಚಿತ್ರ ತೋರಿಸಿದರೆ ನಗುತ್ತಾರೆ, ಅದು ಮುದುಕರ ರೋಗ ಅವರ ಲೆಕ್ಕದಲ್ಲಿ. ಅದಕ್ಕಿಂತ ಮೂರು ಬೆರಳಿನ ಪರೀಕ್ಷೆ ನಾಟುತ್ತದೆ. ತನ್ನದೇ ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ-ಕೆಳಗಿನ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಲಿ. ಎರಡೇ ಹೋದರೆ, ಖಾರ ತಿಂದಾಗ ಬಾಯಿ ಉರಿದರೆ, ಅಡಿಕೆಯಿಂದ ಬರುವ ಬಾಯಿ ಬಿಗಿತದ ಶಂಕೆ. ದವಡೆ ನೋವಿದ್ದರೂ ಬಾಯಿ ಕಡಿಮೆ ತೆರೆಯಬಹುದು, ಆದ್ದರಿಂದ ಎಲ್ಲರೆದುರು ತೀರ್ಪು ಕೊಡಬೇಡಿ. ಆಮೇಲೆ ಬೇರೆ ಕರೆದು ಮಾತಾಡಿಸಿ ದಂತವೈದ್ಯರ ಬಳಿ ಕಳಿಸಿ. ತಂಬಾಕು ಬಿಟ್ಟು ಬರೀ ಅಡಿಕೆ ಹಾಕ್ತೀನಿ ಅನ್ನುವ ರಾಜಿಗೆ ಒಪ್ಪಬೇಡಿ, ಬಿಗಿತಕ್ಕೆ ಮೂಲ ಅಡಿಕೆಯೇ.