ಮುಗಿಯದ ಕಥೆಯನ್ನು ಆಡುವವರಿಗೆ: ರೆನ್‌ಪೈ ವಯಸ್ಕರ ವಿಷುವಲ್ ನಾವೆಲ್‌ಗಳ ಒಂದು ವಿಮರ್ಶೆ

18 ದಾಟಿದವರಿಗೆಂದೇ ಮಾಡುವ, ಚಿತ್ರ, ಮಾತು, ಆಯ್ಕೆಗಳಿಂದ ಕಥೆ ಹೇಳುವ ವಿಷುವಲ್ ನಾವೆಲ್‌ಗಳಲ್ಲಿ ಹೆಚ್ಚಿನವು ನಮ್ಮ ಕೈಸೇರುವುದು ಅರ್ಧ ಕಟ್ಟಿದ ಮನೆಯ ಹಾಗೆ. 0.1 ಎಂದು ಶುರುವಾಗಿ, ಕೆಲವು ತಿಂಗಳಿಗೊಮ್ಮೆ ಒಂದೊಂದು ಅಧ್ಯಾಯ ಸೇರಿಕೊಂಡು, 1.0 ಮುಟ್ಟುವಷ್ಟರಲ್ಲಿ ವರ್ಷಗಳೇ ಉರುಳಿರುತ್ತವೆ. ವಾರಪತ್ರಿಕೆಯ ಧಾರಾವಾಹಿಗೆ ಕಾದು ಗೊತ್ತಿರುವವರಿಗೆ ಈ ಕಾಯುವಿಕೆ ಹೊಸದೇನಲ್ಲ. ಆದರೆ ಪತ್ರಿಕೆಯ ಹಳೆಯ ಸಂಚಿಕೆಯನ್ನು ಯಾರೂ ಬಂದು ತಿದ್ದುವುದಿಲ್ಲ. ಇಲ್ಲಿ ನೀವು ಆಡಿ ಮುಗಿಸಿದ ದೃಶ್ಯವೇ ಮುಂದಿನ ಅಪ್‌ಡೇಟ್‌ನಲ್ಲಿ ಬದಲಾಗಿರಬಹುದು, ಅದರ ಜೊತೆಗೆ ನಿಮ್ಮ ಸೇವ್ (ಆಟ ಎಲ್ಲಿಗೆ ಬಂದಿತ್ತೆಂದು ಉಳಿಸಿಟ್ಟ ಫೈಲ್) ಕೂಡ ಕೈಕೊಡಬಹುದು. ಹಾಗಾಗಿ ಇಂಥ ಆಟವನ್ನು ಅಳೆಯುವಾಗ ನಾನು ಚಿತ್ರಗಳಿಗಿಂತ ಮೊದಲು ನೋಡುವುದು ಒಂದನ್ನೇ: ಹಳೆಯ ಸೇವ್ ಹೊಸ ಆವೃತ್ತಿಯಲ್ಲಿ ತೆರೆಯುತ್ತದೆಯೇ?

ಇವುಗಳಲ್ಲಿ ದೊಡ್ಡ ಪಾಲು ರೆನ್‌ಪೈ ಎಂಜಿನ್‌ನಲ್ಲಿ ತಯಾರಾಗುತ್ತವೆ. 2004ರಿಂದ ಇರುವ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನಿಂತಿರುವ, ಉಚಿತ ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ ಇದು. ಹೆಸರಿನ 'ರೆನ್' ಬಂದಿರುವುದು ಪ್ರೇಮ ಎಂಬರ್ಥದ ಜಪಾನಿ ಪದ 'ರೆನ್‌ಐ'ಯಿಂದ. ಆಡುವವರ ಕಡೆಯಿಂದ ನೋಡಿದರೆ ಅಪೂರ್ಣ ಆಟಗಳಿಗೆ ಇದರಷ್ಟು ಒಗ್ಗುವ ಎಂಜಿನ್ ಬೇರೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆರ್‌ಪಿಜಿ ಮೇಕರ್ ಎಂವಿಯಲ್ಲಿ ಮಾಡಿದ ಆಟ ಸೇವ್‌ಗಳನ್ನು ತನ್ನದೇ ಫೋಲ್ಡರಿನ ಒಳಗಿಡುತ್ತದೆ. ಹೊಸ ಆವೃತ್ತಿ ಇಳಿಸಿ ಹಳೆಯ ಫೋಲ್ಡರನ್ನು ಅಳಿಸಿದರೆ ಸೇವ್‌ಗಳೂ ಹೋದವು. ಟ್ವೈನ್‌ನಲ್ಲಿ ಬರೆದ ಆಟಗಳ ಸೇವ್ ಸಾಮಾನ್ಯವಾಗಿ ಬ್ರೌಸರಿನಲ್ಲಿರುತ್ತದೆ, ಬ್ರೌಸರಿನ ಡೇಟಾ ಅಳಿಸಿದ ದಿನ ಅದರ ಕಥೆ ಮುಗಿಯಿತು. ರೆನ್‌ಪೈ ಮಾತ್ರ ಎರಡು ಕಡೆ ಬರೆದಿಡುತ್ತದೆ: ಆಟದ 'ಗೇಮ್' ಫೋಲ್ಡರಿನೊಳಗಿನ 'ಸೇವ್ಸ್'ನಲ್ಲಿ ಒಂದು ಪ್ರತಿ, ವಿಂಡೋಸ್‌ನ ಆಪ್‌ಡೇಟಾ, ರೋಮಿಂಗ್, ರೆನ್‌ಪೈ ದಾರಿಯಲ್ಲಿ ಇನ್ನೊಂದು. ಮ್ಯಾಕ್‌ನಲ್ಲಿ ಎರಡನೆಯ ಪ್ರತಿ ಲೈಬ್ರರಿಯೊಳಗಿನ ರೆನ್‌ಪೈ ಫೋಲ್ಡರಿನಲ್ಲಿ, ಲಿನಕ್ಸ್‌ನಲ್ಲಿ ಹೋಮ್‌ನೊಳಗೆ ಮರೆಯಾಗಿರುವ ರೆನ್‌ಪೈ ಫೋಲ್ಡರಿನಲ್ಲಿ ಸಿಗುತ್ತದೆ.

ಒಮ್ಮೆ ಆ ರೋಮಿಂಗ್ ಫೋಲ್ಡರ್ ತೆರೆದು ನೋಡಿ. ಆಟದ ಹೆಸರು, ಒಂದು ಅಡ್ಡಗೆರೆ, ಆಮೇಲೆ ಹತ್ತಂಕಿಯ ಒಂದು ಸಂಖ್ಯೆ ಇರುವ ಫೋಲ್ಡರ್‌ಗಳು ಸಾಲಾಗಿ ಕಾಣುತ್ತವೆ. ಒಳಗೆ '1-1' ಎಂದು ಶುರುವಾಗುವ ಫೈಲ್ ಅಂದರೆ ಮೊದಲ ಪುಟದ ಮೊದಲ ಖಾನೆ. 'ಆಟೋ', 'ಕ್ವಿಕ್' ಎಂದು ಶುರುವಾಗುವವು ತಾನಾಗಿ ಆದ ಸೇವ್ ಮತ್ತು ಅವಸರದ ಸೇವ್. ಇವುಗಳ ಪಕ್ಕದಲ್ಲೇ 'ಪರ್ಸಿಸ್ಟೆಂಟ್' ಎಂಬ ಒಂಟಿ ಫೈಲ್. ನೀವು ಈವರೆಗೆ ಓದಿದ ಸಾಲುಗಳು, ತೆರೆದ ಗ್ಯಾಲರಿ ಚಿತ್ರಗಳು, ಸೆಟ್ಟಿಂಗ್‌ಗಳು ಎಲ್ಲವೂ ಅದರಲ್ಲಿರುತ್ತವೆ. ಬ್ಯಾಕಪ್ ಎಂದು ಬರೀ ಸೇವ್‌ಗಳನ್ನು ಎತ್ತಿಟ್ಟುಕೊಂಡು ಇದನ್ನು ಬಿಟ್ಟರೆ ಓದಿದ್ದೆಲ್ಲ ಓದದ್ದಾಗುತ್ತದೆ, ಓದಿದ ಸಾಲುಗಳನ್ನು ಹಾರಿಸುವ ಸ್ಕಿಪ್ ಒತ್ತಿದರೆ ಆಟ ಕದಲುವುದಿಲ್ಲ. ಆದ್ದರಿಂದ ಇಡೀ ಫೋಲ್ಡರನ್ನೇ ನಕಲು ಮಾಡಿಟ್ಟುಕೊಳ್ಳಿ.

ಆ ಹತ್ತಂಕಿಯ ಸಂಖ್ಯೆಗೂ ಮಹತ್ವವಿದೆ. ಡೆವಲಪರ್ ಎರಡನೆಯ ಸೀಸನ್ನನ್ನು ಹೊಸ ಪ್ರಾಜೆಕ್ಟ್ ಆಗಿ ಶುರುಮಾಡಿದರೆ ಸಂಖ್ಯೆ ಬದಲಾಗುತ್ತದೆ, ಆಟ ಹೊಸ ಫೋಲ್ಡರಿನಲ್ಲಿ ಹುಡುಕುತ್ತದೆ, ಲೋಡ್ ಪುಟ ಖಾಲಿ ಕಾಣುತ್ತದೆ. ಗಾಬರಿ ಬೇಡ, ಹಳೆಯ ಸೇವ್‌ಗಳು ಇದ್ದಲ್ಲೇ ಇವೆ. ಹೊಸ ಸೀಸನ್ ಹಳೆಯ ಸೇವ್ ಒಪ್ಪಿಕೊಳ್ಳುತ್ತದೆಂದು ಡೆವಲಪರ್ ಹೇಳಿದ್ದರೆ ಅವನ್ನು ಹೊಸ ಫೋಲ್ಡರಿಗೆ ನಕಲು ಮಾಡಿ. ಹಾಗೆ ಹೇಳಿಲ್ಲದಿದ್ದರೆ ಬಲವಂತ ಮಾಡಿ ಪ್ರಯೋಜನವಿಲ್ಲ.

ಅಪ್‌ಡೇಟ್ ಹಾಕುವಾಗ ಅತಿ ಹೆಚ್ಚು ಜನ ಮಾಡುವ ತಪ್ಪು ಹಳೆಯ ಫೋಲ್ಡರಿನ ಮೇಲೆಯೇ ಹೊಸ ಜಿಪ್ ಬಿಚ್ಚುವುದು. ಡೆವಲಪರ್ ನಡುವೆ ಒಂದು ಸ್ಕ್ರಿಪ್ಟ್ ಫೈಲಿನ ಹೆಸರು ಬದಲಿಸಿದ್ದರೆ ಹಳೆಯದೂ ಹೊಸದೂ ಒಟ್ಟಿಗೇ ಉಳಿಯುತ್ತವೆ. ಒಂದೇ ಲೇಬಲ್ (ಕಥೆಯ ಒಂದು ಭಾಗಕ್ಕೆ ಕೊಟ್ಟ ಹೆಸರು) ಎರಡು ಸಲ ಬಂದಿದೆ ಎಂದು ಎಂಜಿನ್ ಶುರುವಿನಲ್ಲೇ ತಕರಾರು ತೆಗೆಯುತ್ತದೆ. ಹೊಸ ಆವೃತ್ತಿಯನ್ನು ಯಾವಾಗಲೂ ಬೇರೆ ಫೋಲ್ಡರಿನಲ್ಲಿ ಬಿಚ್ಚಿ, ಸೇವ್‌ಗಳು ರೋಮಿಂಗ್‌ನಿಂದ ತಾವಾಗಿಯೇ ಬರುತ್ತವೆ. ಹಳೆಯದರ ಮೇಲೆ ಹಾಕಬೇಕಾದ ಪ್ಯಾಚ್ ಎಂದು ಡೆವಲಪರ್ ಸ್ಪಷ್ಟವಾಗಿ ಹೇಳಿ ಕೊಟ್ಟ ಫೈಲಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ.

ಇನ್ನು ಸೇವ್ ಎಲ್ಲಿ ಮಾಡಬೇಕು? ಅಧ್ಯಾಯ ಮುಗಿದು 'ಮುಂದುವರಿಯುವುದು' ಎಂಬ ಪರದೆ ಬಂದಾಗ ಮಾಡುವುದು ಸಹಜ, ಆದರೆ ಎಲ್ಲಕ್ಕಿಂತ ಅಪಾಯದ ಜಾಗ ಅದೇ. ಮುಂದಿನ ಆವೃತ್ತಿಯಲ್ಲಿ ಡೆವಲಪರ್ ಮೊದಲು ಕಿತ್ತುಹಾಕುವುದು ಆ ಪರದೆಯನ್ನೇ. ಸೇವ್ ಆದ ಸಾಲು ಸಿಗದಿದ್ದರೆ ರೆನ್‌ಪೈ ಹಿಂದಕ್ಕೆ ಸರಿಯುತ್ತಾ, ಇನ್ನೂ ಉಳಿದಿರುವ ಒಂದು ಸಾಲು ಸಿಕ್ಕಲ್ಲಿ ನಿಲ್ಲುತ್ತದೆ. ಕೆಲವೊಮ್ಮೆ ಅದೃಷ್ಟ ಚೆನ್ನಾಗಿದ್ದು ಹತ್ತು ಸಾಲು ಹಿಂದಕ್ಕೆ ಹೋಗಿ ಸರಿಹೋಗುತ್ತದೆ, ಕೆಲವೊಮ್ಮೆ ಎಲ್ಲೂ ನೆಲೆ ಸಿಗದೆ ಎರರ್ ಪರದೆ ಬರುತ್ತದೆ. ಅದಕ್ಕೇ ಪ್ರತಿ ಅಧ್ಯಾಯಕ್ಕೂ ಮೂರು ಸೇವ್ ಇಡಿ: ಅಧ್ಯಾಯದ ಆರಂಭದಲ್ಲಿ ಒಂದು, ಕೊನೆಯ ಆಯ್ಕೆಯ ಮೆನುವಿನ ಮೇಲೆ ಒಂದು, ಕೊನೆಯ ದೃಶ್ಯದ ನಡುವೆ, ಮುಕ್ತಾಯದ ಪರದೆಗಿಂತ ಐದಾರು ಸಾಲು ಮೊದಲು ಒಂದು. ಆಟೋ ಸೇವ್ ನಂಬಿ ಕೂರಬೇಡಿ. ಅದಕ್ಕೆ ಮೂಲದಲ್ಲಿ 10 ಖಾನೆ ಮಾತ್ರ. ಆಯ್ಕೆಗಳು ಬಂದಾಗಲೆಲ್ಲ ಅದು ಹೊಸದನ್ನು ಬರೆಯುತ್ತಾ ಹಳೆಯದನ್ನು ತಳ್ಳುತ್ತದೆ, ಒಂದು ಸಂಜೆಯ ಆಟಕ್ಕೇ ನಿನ್ನೆಯದೆಲ್ಲ ಖಾಲಿ.

ಸೇವ್ ತೆರೆದ ಮೇಲೂ ಬರುವ, ಈ ವರ್ಗದ ಆಟಗಳಲ್ಲಿ ಎಲ್ಲರೂ ನೋಡಿರುವ ತೊಂದರೆ ಒಂದಿದೆ. ಆಟ ಚೆನ್ನಾಗಿ ಸಾಗುತ್ತಿರುವಾಗ ಇದ್ದಕ್ಕಿದ್ದಂತೆ ಎರರ್ ಪರದೆ, ಅದರಲ್ಲಿ ನೇಮ್‌ಎರರ್, ಯಾವುದೋ ಒಂದು ಹೆಸರು ಗೊತ್ತಿಲ್ಲ ಎಂಬ ಸಾಲು. ಕಾರಣ ಸರಳ. ಡೆವಲಪರ್ ಹೊಸ ಪಾತ್ರಕ್ಕೆ ಒಂದು ಅಂಕದ ಲೆಕ್ಕ ಸೇರಿಸಿ, ಅದರ ಆರಂಭದ ಸೊನ್ನೆಯನ್ನು ಕಥೆಯ ಮೊದಲ ಲೇಬಲ್‌ನೊಳಗೆ ಬರೆದಿರುತ್ತಾರೆ. ನಿಮ್ಮ ಸೇವ್ ಆ ಜಾಗವನ್ನು ಆರು ತಿಂಗಳ ಹಿಂದೆಯೇ ದಾಟಿದೆ, ಹಾಗಾಗಿ ಅದಕ್ಕೆ ಆ ಹೆಸರೇ ಗೊತ್ತಿಲ್ಲ. ರೆನ್‌ಪೈಯಲ್ಲಿ ಇದಕ್ಕೆಂದೇ 'ಡಿಫಾಲ್ಟ್' ಎಂಬ ಪದವಿದೆ. ಅದನ್ನು ಬಳಸಿ ಬರೆದರೆ ಹಳೆಯ ಸೇವ್ ತೆರೆದಾಗಲೂ ಬೆಲೆ ತಾನಾಗಿ ತುಂಬಿಕೊಳ್ಳುತ್ತದೆ. ಒಂದು ಪದದ ಈ ಶಿಸ್ತು ಇಲ್ಲದ ಆಟಕ್ಕೆ ನಾನು ಮುಲಾಜಿಲ್ಲದೆ ಅಂಕ ಕಳೆಯುತ್ತೇನೆ, ಏಕೆಂದರೆ ಅದರ ಬೆಲೆ ತೆರುವುದು ಮೊದಲಿನಿಂದ ಜೊತೆಗಿದ್ದ ಆಟಗಾರ.

ಆ ಪರದೆಯಲ್ಲಿ 'ಇಗ್ನೋರ್' ಎಂಬ ಗುಂಡಿಯೂ ಇರುತ್ತದೆ. ಒತ್ತಿದರೆ ಆಟ ಮುಂದೆ ಹೋಗುತ್ತದೆ, ಎಲ್ಲ ಸರಿಯಾಯಿತೆಂದು ಅನ್ನಿಸುತ್ತದೆ. ಆದರೆ ಆ ಅಂಕ ಎಣಿಕೆಯಾಗಿರುವುದಿಲ್ಲ. ಎರಡು ಅಧ್ಯಾಯದ ನಂತರ ಅದೇ ಅಂಕ ನೋಡಿ ತೆರೆಯಬೇಕಾದ ದೃಶ್ಯ ತೆರೆಯುವುದಿಲ್ಲ, ಅಥವಾ ಅಲ್ಲಿ ಮತ್ತೆ ಅದೇ ಎರರ್. ಇಗ್ನೋರ್ ಬದಲು 'ರೋಲ್‌ಬ್ಯಾಕ್' ಒತ್ತಿ ಹಿಂದೆ ಬನ್ನಿ, ಅಲ್ಲೊಂದು ಸೇವ್ ಇಟ್ಟು ತಿದ್ದುಪಡಿಗೆ ಕಾಯಿರಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಮೊದಲಿನಿಂದ ಶುರುಮಾಡಿ ಸ್ಕಿಪ್ ಮಾಡುತ್ತಾ ಬನ್ನಿ. ಟ್ಯಾಬ್ ಕೀ ಒಮ್ಮೆ ಒತ್ತಿದರೆ ಸ್ಕಿಪ್ ಓಡುತ್ತಲೇ ಇರುತ್ತದೆ, ಕಂಟ್ರೋಲ್ ಹಿಡಿದಿರುವಷ್ಟು ಹೊತ್ತು ಮಾತ್ರ. ಪ್ರಿಫರೆನ್ಸಸ್‌ನಲ್ಲಿ ಓದದ ಸಾಲನ್ನೂ ಹಾರಿಸುವ ಆಯ್ಕೆಯನ್ನು ಮಾತ್ರ ಆಫ್ ಇಟ್ಟಿರಿ. ಆಗ ಆಯ್ಕೆಯ ಮೆನು ಬಿಟ್ಟು ಓಟ ಬೇರೆಲ್ಲಿ ನಿಲ್ಲುತ್ತದೋ ಅಲ್ಲಿ ಹೊಸದಾಗಿ ಬರೆದ ಅಥವಾ ತಿದ್ದಿದ ಸಾಲು ಇದೆ ಎಂದರ್ಥ. ಏನೇನು ಬದಲಾಗಿದೆ ಎಂದು ಎಷ್ಟೋ ಚೇಂಜ್‌ಲಾಗ್‌ಗಳಿಗಿಂತ ಇದೇ ನಿಖರವಾಗಿ ಹೇಳುತ್ತದೆ.

ಫೋನಿನಲ್ಲಿ ಆಡುವವರು ಇನ್ನೂ ಎಚ್ಚರವಾಗಿರಬೇಕು. ಹಳೆಯ ಎಪಿಕೆ (ಆಂಡ್ರಾಯ್ಡ್ ಇನ್‌ಸ್ಟಾಲ್ ಫೈಲ್) ಮೇಲೆ ಹೊಸದನ್ನು ಹಾಕಿದರೆ ಸೇವ್ ಉಳಿಯುತ್ತದೆ, ಆದರೆ ಎರಡಕ್ಕೂ ಡೆವಲಪರ್‌ನ ಒಂದೇ ಡಿಜಿಟಲ್ ಕೀಯಿಂದ ಸಹಿ ಆಗಿರಬೇಕು. ಬೇರೆಯವರು ಗಾತ್ರ ಇಳಿಸಿ ಹಂಚಿದ ಪ್ರತಿ ಹಾಕಿದ್ದರೆ ಇನ್‌ಸ್ಟಾಲ್ ಆಗುವುದಿಲ್ಲ ಎಂಬ ಸಂದೇಶ ಬರುತ್ತದೆ. ಜನ ಆಗ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡುತ್ತಾರೆ, ಅದರ ಜೊತೆಯಲ್ಲೇ ಸೇವ್‌ಗಳೂ ಅಳಿಯುತ್ತವೆ. ಅಳಿಸುವ ಮೊದಲು ಆಂಡ್ರಾಯ್ಡ್, ಡೇಟಾ, ಆಟದ ಪ್ಯಾಕೇಜ್ ಹೆಸರು, ಫೈಲ್ಸ್, ಸೇವ್ಸ್ ಎಂಬ ದಾರಿಯಲ್ಲಿರುವುದನ್ನು ಹೊರಗೆ ತೆಗೆದಿಡಿ. ಆಂಡ್ರಾಯ್ಡ್ 11ರಿಂದೀಚೆಗೆ ಫೋನಿನ ಸಾಮಾನ್ಯ ಫೈಲ್ ಮ್ಯಾನೇಜರ್‌ಗಳಿಗೆ ಈ ಜಾಗ ಮುಚ್ಚಿದೆ, ಕೇಬಲ್ ಹಾಕಿ ಕಂಪ್ಯೂಟರಿನಿಂದ ಪ್ರಯತ್ನಿಸಿ. ಡೆವಲಪರ್ ಸ್ವತಃ ಕೊಟ್ಟ ಎಪಿಕೆಯನ್ನೇ ಮೊದಲಿನಿಂದ ಹಾಕಿಕೊಂಡರೆ ಈ ಪಾಡೇ ಇಲ್ಲ.

ಇತರರ ಸೇವ್ ಇಳಿಸಿಕೊಂಡು ನೇರ ಮೂರನೇ ಅಧ್ಯಾಯಕ್ಕೆ ಹಾರುವ ರೂಢಿಯೂ ಇದೆ. ದಯವಿಟ್ಟು ಮಾಡಬೇಡಿ. ರೆನ್‌ಪೈ ಸೇವ್ ಫೈಲ್ ಒಂದು ಜಿಪ್ ಕಟ್ಟು, ಅದರೊಳಗಿನ ಮುಖ್ಯ ಭಾಗ ಪೈಥಾನ್‌ನ 'ಪಿಕಲ್' ರೂಪದಲ್ಲಿರುತ್ತದೆ. ಪಿಕಲ್ ತೆರೆಯುವಾಗ ಅದರಲ್ಲಿ ಯಾರಾದರೂ ಅಡಗಿಸಿಟ್ಟ ಕೋಡ್ ಓಡಬಲ್ಲದು. ಅದಕ್ಕೇ 8.1ನೇ ಆವೃತ್ತಿಯಿಂದ, ಬೇರೆ ಯಂತ್ರದಲ್ಲಿ ಆದ ಸೇವ್ ತೆರೆದರೆ ರೆನ್‌ಪೈ ಎಚ್ಚರಿಸಿ ಕೇಳುತ್ತದೆ. ನಿಮ್ಮದೇ ಹಳೆಯ ಲ್ಯಾಪ್‌ಟಾಪಿನ ಸೇವ್ ಆದರೆ ಹೌದೆನ್ನಿ, ಗುರುತಿಲ್ಲದವರದಾದರೆ ಬೇಡವೆನ್ನಿ.

ಮನೆಯವರೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಆಡುವವರಿಗೆ ಒಂದು ಮಾತು. ಪ್ರತಿ ಸೇವ್‌ನೊಳಗೂ ಆ ಕ್ಷಣದ ಪರದೆಯ ಪುಟ್ಟ ಚಿತ್ರ ಇರುತ್ತದೆ. ಆಟದ ಫೋಲ್ಡರ್ ಅಳಿಸಿದರೂ ರೋಮಿಂಗ್‌ನಲ್ಲಿ ಆ ಚಿತ್ರಗಳು ಉಳಿದೇ ಇರುತ್ತವೆ, ಎರಡೂ ಕಡೆ ಅಳಿಸಬೇಕು. ಮಕ್ಕಳಿರುವ ಮನೆಯಾದರೆ ವಿಂಡೋಸ್‌ನಲ್ಲಿ ನಿಮಗೇ ಬೇರೆ ಬಳಕೆದಾರ ಖಾತೆ ಮಾಡಿಕೊಳ್ಳುವುದು ಒಳ್ಳೆಯದು, ರೋಮಿಂಗ್ ಫೋಲ್ಡರ್ ಖಾತೆಗೊಂದು ಇರುತ್ತದೆ. ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಕೊಂಡಿದ್ದರೆ ಆ ಆಟವನ್ನು ಖಾಸಗಿ ಎಂದು ಗುರುತು ಮಾಡಬಹುದು, ಸ್ನೇಹಿತರ ಪಟ್ಟಿಗೆ ಕಾಣುವುದಿಲ್ಲ.

ಸ್ಟೀಮ್ ಎಂದಾಗ ಹಣದ ಮಾತು. ಅಲ್ಲಿ ರೂಪಾಯಿ ಬೆಲೆ ಇದೆ, ಯುಪಿಐ ನಡೆಯುತ್ತದೆ. ವಯಸ್ಕರ ಆಟಗಳು ಕಾಣಬೇಕಾದರೆ ಖಾತೆಯ ಸ್ಟೋರ್ ಪ್ರಿಫರೆನ್ಸಸ್‌ನಲ್ಲಿ ಅನುಮತಿ ಕೊಡಬೇಕು. ಆದರೆ ಅಪ್‌ಡೇಟ್ ತಾನಾಗಿ ಬಂದು ಹಳೆಯ ಆವೃತ್ತಿಯ ಜಾಗದಲ್ಲಿ ಕೂರುತ್ತದೆ, ಹಿಂದಕ್ಕೆ ಹೋಗಬೇಕಾದರೆ ಡೆವಲಪರ್ ಹಳೆಯ ಆವೃತ್ತಿಯನ್ನು 'ಬೀಟಾ' ಪಟ್ಟಿಯಲ್ಲಿ ಉಳಿಸಿರಬೇಕು. ಡೆವಲಪರ್‌ಗೆ ನೇರ ಹಣ ಕೊಡುವ ಪೇಟ್ರಿಯಾನ್ ತಾಣದಲ್ಲಿ ತಿಂಗಳ ಚಂದಾ ಕಟ್ಟುವವರು ಮೊದಲು ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಮಾಡಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಕೊಡುವ ಅನುಮತಿ) ನಿಯಮ 2021ರ ಅಕ್ಟೋಬರ್‌ನಿಂದ ಬಿಗಿಯಾದ ಮೇಲೆ ಮೊದಲ ತಿಂಗಳು ಹೋದ ಕಾರ್ಡೇ ಎರಡನೆಯ ತಿಂಗಳು ನಿಲ್ಲುವುದುಂಟು. ನನ್ನ ಸಲಹೆ: ಅಧ್ಯಾಯ ಬಿಡುಗಡೆಯಾದ ತಿಂಗಳು ಕಟ್ಟಿ, ಇಳಿಸಿಕೊಂಡು, ಮುಂದಿನ ಬಿಡುಗಡೆಯವರೆಗೆ ನಿಲ್ಲಿಸಿ. ಪ್ರತಿ ತಿಂಗಳೂ ಕೊಡಲು ಮನಸ್ಸಿದ್ದರೆ, ಹಿಂದೆ ಒಂದು ಆಟವನ್ನಾದರೂ ಮುಗಿಸಿ ತೋರಿಸಿದವರಿಗೆ ಕೊಡಿ. ಎಟರ್ನಂ ಆಟದ ಡೆವಲಪರ್ ಅದಕ್ಕೂ ಮೊದಲು ಒಂದು ಪೂರ್ಣ ಕಥೆ ಮುಗಿಸಿದ್ದವರು, ಆ ನಂಬಿಕೆಗೆ ಅರ್ಥವಿದೆ. ಬೀಯಿಂಗ್ ಎ ಡಿಕ್ ಆಟದಂತೆ ನಾಲ್ಕು ಕಂತಿಗೊಂದು ಸೀಸನ್ ಎಂದು ಕಟ್ಟಿಕೊಂಡರೂ ಆಡುವವರಿಗೆ ನಿಲ್ಲಲು ಒಂದು ತಂಗುದಾಣ ಸಿಗುತ್ತದೆ. ಎರಡನೆಯ ಅಧ್ಯಾಯವೂ ಮುಗಿಯದೆ ಮೊದಲ ಅಧ್ಯಾಯದ ಚಿತ್ರಗಳನ್ನು ಮತ್ತೆ ಮಾಡುತ್ತೇವೆ ಎಂದು ಹೊರಡುವವರನ್ನು ಕಂಡರೆ ಮಾತ್ರ ನನಗೆ ದಿಗಿಲು. ಅಂಥ ಆಟದ ಹಳೆಯ ಸೇವ್ ಉಳಿಯುವುದು ಅಪರೂಪ, ಕಥೆ ಮುಂದೆ ಹೋಗುವುದು ಇನ್ನೂ ಅಪರೂಪ.

ಇಳಿಸಿದ ಜಿಪ್ ಅಳಿಸಬೇಡಿ. 2025ರ ಜುಲೈನಲ್ಲಿ ಪಾವತಿ ಕಂಪನಿಗಳ ಒತ್ತಡಕ್ಕೆ ಇಚ್.ಐಒ ಎಂಬ ಆಟಗಳ ತಾಣ ವಯಸ್ಕರ ಆಟಗಳನ್ನೆಲ್ಲ ಒಮ್ಮೆಲೇ ಹುಡುಕಾಟದಿಂದ ತೆಗೆದಿತ್ತು. ಉಚಿತವಾದವನ್ನು ಆಮೇಲೆ ಮರಳಿ ಸೇರಿಸತೊಡಗಿತು. ಆಡುತ್ತಿರುವ ಆಟ ಇವತ್ತಿದ್ದ ಜಾಗದಲ್ಲಿ ನಾಳೆಯೂ ಸಿಗುತ್ತದೆ ಎಂದುಕೊಳ್ಳಲು ಬರುವುದಿಲ್ಲ.

ಕನ್ನಡದ ಮಟ್ಟಿಗೆ ಒಂದು ಸಿಹಿ ಸುದ್ದಿ. 8.2ರಲ್ಲಿ ರೆನ್‌ಪೈಗೆ ಅಕ್ಷರಗಳನ್ನು ಜೋಡಿಸಿ ಮೂಡಿಸುವ ಹಾರ್ಫ್‌ಬಝ್ ಸೇರಿದೆ, ಒತ್ತಕ್ಷರಗಳು ಈಗ ಒಡೆಯದೆ ಮೂಡುತ್ತವೆ. ಎಂಜಿನ್ ಜೊತೆಗೆ ಬರುವ ಡೇಜಾವೂ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ, ನೋಟೋ ಸಾನ್ಸ್ ಕನ್ನಡದಂಥದ್ದನ್ನು ಸೇರಿಸಿಕೊಳ್ಳಬೇಕು ಅಷ್ಟೆ. ಯಾರಾದರೂ ದೊಡ್ಡವರಿಗೆಂದು ಕನ್ನಡದಲ್ಲೇ ಒಂದು ಒಳ್ಳೆಯ ಪ್ರೇಮಕಥೆ ಬರೆಯಲಿ ಎಂಬ ಆಸೆ ನನಗಿದೆ. ಬರೆಯುವವರಿಗೆ ಆಡುವವರ ಕಡೆಯಿಂದ ಬೇಡಿಕೆ: ಮೊದಲ ಪರದೆಯಲ್ಲೇ ಪಾತ್ರಗಳೆಲ್ಲ ವಯಸ್ಕರು ಎಂಬುದನ್ನೂ ಯಾವ ಯಾವ ವಿಷಯ ಬರುತ್ತದೆ ಎಂಬುದನ್ನೂ ಹೇಳಿ, ಬೇಡದ್ದನ್ನು ತಪ್ಪಿಸಿಕೊಂಡು ಹೋಗುವ ದಾರಿ ಕೊಡಿ. ಬಿಡುಗಡೆ ಮಾಡಿದ ಆರ್‌ಪಿವೈಸಿ ಫೈಲ್‌ಗಳನ್ನು (ಸ್ಕ್ರಿಪ್ಟನ್ನು ಎಂಜಿನ್ ಮಾರ್ಪಡಿಸಿಟ್ಟ ರೂಪ) ಅಳಿಸದೆ ಇಟ್ಟುಕೊಂಡು ಅದರ ಮೇಲೆಯೇ ಮುಂದಿನ ಆವೃತ್ತಿ ಕಟ್ಟಿ. ಪ್ರತಿ ಸಾಲಿನ ಒಳಹೆಸರು ಇರುವುದು ಅವುಗಳಲ್ಲಿ, ಹಳೆಯ ಸೇವ್ ತನ್ನ ಸಾಲನ್ನು ಪತ್ತೆಹಚ್ಚುವುದು ಆ ಹೆಸರಿನಿಂದ.

ಆಡುವವರೂ ಒಂದು ಕೆಲಸ ಮಾಡಬೇಕು. ಎರರ್ ಬಂದಾಗ 'ಆಟ ಕೆಟ್ಟಿದೆ' ಎಂದಷ್ಟೇ ಬರೆದರೆ ಡೆವಲಪರ್‌ಗೆ ಏನೂ ತಿಳಿಯುವುದಿಲ್ಲ. ಆಟದ ಫೋಲ್ಡರಿನಲ್ಲಿ 'ಟ್ರೇಸ್‌ಬ್ಯಾಕ್' ಎಂಬ ಪಠ್ಯ ಫೈಲ್ ಹುಟ್ಟಿರುತ್ತದೆ, ತಪ್ಪಿದ ಸ್ಕ್ರಿಪ್ಟಿನ ಹೆಸರು ಮತ್ತು ಸಾಲಿನ ಸಂಖ್ಯೆ ಅದರಲ್ಲಿರುತ್ತದೆ. ಅದನ್ನೂ, ಆಟದ ಆವೃತ್ತಿಯನ್ನೂ, ಸೇವ್ ಯಾವ ಆವೃತ್ತಿಯಲ್ಲಿ ಶುರುವಾದದ್ದು ಎಂಬುದನ್ನೂ ಕಳಿಸಿ. ಹಳೆಯ ಸೇವ್‌ನಿಂದ ಬಂದ ನೇಮ್‌ಎರರ್ ಆದರೆ ಬಹುಪಾಲು ಒಂದು ಸಾಲಿನ ತಿದ್ದುಪಡಿ ಸಾಕು.